ಹದಿನೆಂಟು ಮನೆಯ ಪಥ್ಯ

ಸುದ್ದಿ ತಂದವಳು ನನ್ನ ಹಳೆಯ ವಿದ್ಯಾರ್ಥಿನಿ. ನಾನೀಗ ಪಾಠ ಮಾಡುವ ಬಂಗಾರಪೇಟೆಯ ಶಾಲೆಗೆ ತನ್ನ ಪುಟ್ಟ ನಾದಿನಿಯನ್ನು ಸೇರಿಸಲು ಬಂದಿದ್ದಳು. ಅರ್ಜಿಯ ಕೆಲಸ ಅರ್ಧ ಮುಗಿದ ಮೇಲೆ, ಬಾಗಿಲ ಕಡೆ ನೋಡುತ್ತಾ, "ಟೀಚರ್, ನಮ್ಮ ಆಯಮ್ಮ ಹೋಗ್ಬಿಟ್ರು, ಗೊತ್ತಾಯ್ತಾ? ತಿಥಿನೂ ಆಗೋಯ್ತು" ಎಂದಳು.

ನಾನು "ಹೌದೆ?" ಎಂದೆ. ಅರ್ಜಿಯಲ್ಲಿ ಹುಟ್ಟಿದ ತಾರೀಖು ಬರೆಯಬೇಕಾದ ಜಾಗದಲ್ಲಿ ತಂದೆಯ ಹೆಸರು ಬರೆದೆ. ಹೊಡೆದು ಹಾಕಿ ಮತ್ತೆ ಬರೆದೆ. ಅದು ಗುರುವಾರ. ಇವತ್ತು ಭಾನುವಾರ. ಈ ನಾಲ್ಕು ದಿನ ನನಗೆ ಒಂದು ಕಡೆ ಕೂರಲು ಆಗಿಲ್ಲ. ಪುಸ್ತಕ ತೆಗೆದರೆ ಎರಡನೆಯ ಪುಟಕ್ಕೆ ಎದ್ದು ಕಿಟಕಿಗೆ ಹೋಗುತ್ತೇನೆ. ಕಿಟಕಿಯಿಂದ ಅಡಿಗೆಮನೆಗೆ. ಅಲ್ಲಿಗೆ ಏಕೆ ಬಂದೆ ಎಂದು ತಿಳಿಯದೆ ಮತ್ತೆ ಹಿಂದಕ್ಕೆ. ಬರೆದರೆ ಕಾಲು ನಿಂತೀತು ಎಂದು ಬರೆಯುತ್ತಿದ್ದೇನೆ.

ಹಾಜರಿ ಪುಸ್ತಕದಲ್ಲಿ ಆಕೆಗೊಂದು ಹೆಸರಿತ್ತು. ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಇಲ್ಲಿ ಬರೆದರೆ ಬೇರೆ ಯಾರನ್ನೋ ಕುರಿತು ಬರೆದಂತಾಗುತ್ತದೆ. ರಾಬರ್ಟ್‌ಸನ್‌ಪೇಟೆಯಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಆಕೆ ಆಯಾ, ಮಕ್ಕಳಿಗೆಲ್ಲ ಆಯಮ್ಮ. ಗಣಿಯ ಕಡೆಯ ಹೆಣ್ಣುಮಕ್ಕಳು ಆಗ ತಾವಾಗಿಯೇ ಶಾಲೆಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಒಬ್ಬ ಹೆಂಗಸು ಮನೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಕರೆದು, ಎಲ್ಲರನ್ನೂ ಕೂಡಿಸಿಕೊಂಡು ಬರಬೇಕು. ಸಂಜೆ ಹಾಗೆಯೇ ಒಪ್ಪಿಸಿ ಬರಬೇಕು. ನಂದಿದುರ್ಗ ಗಣಿಯ ಆಳುಗಳಿದ್ದ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ, ಶಾಲೆಯವರೆಗೆ ಆಕೆಯ ಪಾಲಿಗೆ ಹದಿನೆಂಟು ಮನೆಗಳಿದ್ದವು.

ಮೊದಲ ದಿನ ನಾನು ಆಕೆಯನ್ನು "ನೀವು" ಎಂದು ಮಾತಾಡಿಸಿದೆ. ಆಕೆ ಹಿಂದಕ್ಕೆ ತಿರುಗಿ ನೋಡಿದರು.

"ಯಾಕೆ, ಏನಾಯಿತು?"

"ನನ್ ಹಿಂದೆ ಇನ್ಯಾರೋ ದೊಡ್ಡೋರು ಬಂದವ್ರೆ ಅನ್ಕೊಂಡೆ ಟೀಚರಮ್ಮ. ನಂಗೆ ನೀನು ಅಂದ್ರೆ ಸಾಕು."

ನನಗೆ ಅಭ್ಯಾಸ ಬದಲಿಸಲು ಆಗಲಿಲ್ಲ. ಆಕೆಯೂ ಹಿಂದೆ ತಿರುಗಿ ನೋಡುವ ಆಟವನ್ನು ಬಹಳ ದಿನ ಬಿಡಲಿಲ್ಲ.

ಬೂದಿಕೋಟೆಯ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದವರು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಮಕ್ಕಳಿದ್ದರೋ ಇಲ್ಲವೋ ಗೊತ್ತಿಲ್ಲ, ಕೇಳಲಿಲ್ಲ. ಓದು ಬಾರದು. "ನಂಗೆ ಅಕ್ಸರ ಬರಲ್ಲ, ಬಾಗ್ಲು ಬತ್ತವೆ" ಎನ್ನುತ್ತಿದ್ದರು. ಅದು ನಿಜ. ಯಾವ ಬಾಗಿಲಲ್ಲಿ ತಮಿಳು, ಯಾವುದರಲ್ಲಿ ತೆಲುಗು, ಯಾವ ಮನೆಯ ತಾಯಿಗೆ ಗದರಬೇಕು, ಯಾವಳನ್ನು ನಗಿಸಬೇಕು, ಎಲ್ಲವೂ ಆಕೆಗೆ ಬಾಯಿಪಾಠ. "ಮಗೂನ ನೋಡ್ಕೊಳ್ಳೋರಿಲ್ಲ, ಇವತ್ತು ಅವಳು ಬರಲ್ಲ" ಎಂದು ಯಾವಳಾದರೂ ತಾಯಿ ಹೇಳಿದರೆ, ಆ ಕೂಸನ್ನೂ ಎತ್ತಿ ಸೊಂಟಕ್ಕೆ ಹಾಕಿಕೊಂಡು, "ತಗೋ, ಈಗ ಕಳ್ಸು" ಎನ್ನುತ್ತಿದ್ದರು. ಹೀಗಾಗಿ ನಮ್ಮ ಶಾಲೆಯ ಜಗುಲಿಯಲ್ಲಿ ಪ್ರತಿದಿನ ಎರಡು ಮೂರು ಕೂಸುಗಳು ಹರಿದಾಡುತ್ತಿದ್ದವು. ಇನ್‌ಸ್ಪೆಕ್ಟರು ಬರುವ ದಿನ ಅವುಗಳನ್ನು ಎಲ್ಲಿ ಅಡಗಿಸುತ್ತಿದ್ದರೋ ನನಗೆ ತಿಳಿಯದು. ಜಡೆ ಹಾಕಿಲ್ಲ ಎಂಬ ನೆಪವೂ ನಡೆಯುತ್ತಿರಲಿಲ್ಲ; ನಡೆಯುತ್ತಲೇ ಜಡೆ ಹೆಣೆಯುತ್ತಿದ್ದರು. ಶಾಲೆ ಮುಟ್ಟುವ ಹೊತ್ತಿಗೆ ನಾಲ್ಕು ತಲೆಗಳು ಮುಗಿದಿರುತ್ತಿದ್ದವು.

ಈ ಮೆರವಣಿಗೆಯ ಮುಂದೆ ನನ್ನ ನಾಯಿ ಇರುತ್ತಿತ್ತು.

ನಾಯಿ ನನ್ನದು ಎಂದು ನಾನು ನಂಬಿದ್ದೆ. ಮರಿಯಾಗಿದ್ದಾಗ ನಮ್ಮ ಗೇಟಿನಲ್ಲಿ ಸಿಕ್ಕಿತ್ತು. ಕಂದು ಬಣ್ಣ, ಒಂದು ಕಿವಿ ಮಡಿಚಿಕೊಂಡಿತ್ತು. ಮನೆಯಲ್ಲಿದ್ದದ್ದು ನಾನು ಮತ್ತು ನನ್ನ ತಂದೆ, ಇಬ್ಬರೇ. ತಂದೆ ಅದನ್ನು ನಡುಮನೆಗೆ ಬಿಡುತ್ತಿರಲಿಲ್ಲ; ಹಿತ್ತಲ ಜಗುಲಿ ಅದರದು. ಗಣಿಯಲ್ಲಿ ಪಾಳಿ ಬದಲಾಗುವಾಗ ಸೈರನ್ ಕೂಗಿದರೆ ಎದ್ದು ನಿಂತು ತಾನೂ ಊಳಿಡುತ್ತಿದ್ದುದರಿಂದ ಹುಡುಗಿಯರು ಅದಕ್ಕೆ ಶಿಫ್ಟು ಎಂದು ಹೆಸರಿಟ್ಟಿದ್ದರು. ನಾನು ಬೇರೆ ಹೆಸರು ಯೋಚಿಸಿದ್ದೆ. ಅದು ನಿಲ್ಲಲಿಲ್ಲ.

ಬೆಳಿಗ್ಗೆ ಆಯಮ್ಮನ ಹೆಜ್ಜೆ ಸಪ್ಪಳ ಕೇಳಿದರೆ ಶಿಫ್ಟು ಗೇಟು ಹಾರಿ ಹೊರಟುಬಿಡುತ್ತಿತ್ತು. ಹದಿನೆಂಟು ಮನೆಯ ಮುಂದೆಯೂ ಅದಕ್ಕೆ ಏನಾದರೊಂದು ಬೀಳುತ್ತಿತ್ತು: ದೋಸೆಯ ಚೂರು, ರಾತ್ರಿಯ ಸಾರಿನ ಅನ್ನ, ಹುರಿದ ಕರುವಾಡಿನ, ಅಂದರೆ ಒಣಮೀನಿನ, ತಲೆ. ನಾನು ಮಧ್ಯಾಹ್ನ ಅಳತೆ ಮಾಡಿ ಹಾಕುವ ಹಾಲನ್ನವನ್ನು ಅದು ಮರ್ಯಾದೆಗೆ ಮೂಸಿ ಬಿಡುತ್ತಿದ್ದುದು ಏಕೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಸಂಕ್ರಾಂತಿ ಕಳೆದು ಹತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ಸೈರನ್ ಆಯಿತು, ಶಿಫ್ಟು ಏಳಲಿಲ್ಲ. ಜಗುಲಿಯ ಮೂಲೆಯಲ್ಲಿ ಹಳದಿ ನೀರು ಕಕ್ಕಿತ್ತು. ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಅದರ ಉಚ್ಚೆ ಅರಿಸಿನ ಕದಡಿದ ನೀರಿನ ಹಾಗೆ ಕಲೆಯಾಗಿತ್ತು. ಹಿಂದಿನ ದಿನ ಓಡಾಡಿಕೊಂಡಿದ್ದ ಪ್ರಾಣಿ. ನಾನು ನೀರು ತಂದಿಟ್ಟೆ, ಕುಡಿಯಲಿಲ್ಲ. ಹಾಲು ತಂದಿಟ್ಟೆ, ಮುಖ ತಿರುಗಿಸಿತು. ಮತ್ತೆ ನೀರು ಬದಲಿಸಿದೆ. ನಾನು ಮಾಡುತ್ತಿದ್ದುದಕ್ಕೆಲ್ಲ ಅರ್ಥವಿರಲಿಲ್ಲ. ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ ಅಷ್ಟೆ.

ನಾಯಿ ಬರಲಿಲ್ಲವೆಂದು ಆಯಮ್ಮ ಗೇಟಿನೊಳಗೆ ಬಂದರು. ಬಗ್ಗಿ, ಅದರ ತುಟಿ ಎತ್ತಿ ಒಸಡು ನೋಡಿದರು; ಕಣ್ಣಿನ ರೆಪ್ಪೆ ಕೆಳಗೆಳೆದರು.

"ಕಾಮಾಲೆ ಕಣಮ್ಮ."

"ನಾಯಿಗೂ ಬರುತ್ತದೆಯೆ?"

"ಈಲಿ ಇದ್ದೋರಿಗೆಲ್ಲ ಬತ್ತದೆ."

ಈಲಿ ಎಂದರೆ ಯಕೃತ್ತು. ಓದಿದ ನಾನು ಅಷ್ಟು ನೇರವಾಗಿ ಹೇಳುತ್ತಿರಲಿಲ್ಲ.

ಮರುದಿನ ರಜ ಹಾಕಿ ಬಂಗಾರಪೇಟೆಯ ದನದ ಆಸ್ಪತ್ರೆಗೆ ಹೊರಟೆ. ಹುಡುಗಿಯರನ್ನು ಶಾಲೆಗೆ ಮುಟ್ಟಿಸಿ ಆಯಮ್ಮನೂ ಜೊತೆಗೆ ಬಂದರು. ರೈಲಿಗೆ ನಾಯಿಯ ಟಿಕೀಟನ್ನೂ ನಾನು ಸರಿಯಾಗಿ ಕೊಂಡೆ. ಆದರೆ ನಾಯಿಯನ್ನು ಗಾರ್ಡಿನ ಡಬ್ಬಿಯ ಪೆಟ್ಟಿಗೆಯೊಳಗೆ ಹಾಕಬೇಕು ಎಂದರು. ಆಯಮ್ಮ ಆ ಪೆಟ್ಟಿಗೆಯ ಕಬ್ಬಿಣದ ಬಾಗಿಲನ್ನು ಒಮ್ಮೆ ನೋಡಿದರು. ನಾನು ಗಾರ್ಡಿನ ಜೊತೆ ಮಾತಾಡಿ ತಿರುಗುವಷ್ಟರಲ್ಲಿ ಶಿಫ್ಟು ಹಳೆಯ ಸೀರೆಯೊಳಗೆ ಕೂಸಿನಂತೆ ಸುತ್ತಿಕೊಂಡು ಆಕೆಯ ಮಡಿಲಲ್ಲಿತ್ತು. ಆಕೆ ಹೆಂಗಸರ ಡಬ್ಬಿಯಲ್ಲಿದ್ದರು.

"ಇದು ಸರಿಯಲ್ಲ" ಎಂದೆ.

"ಟಿಕೀಟು ತಗೊಂಡಿದ್ದೀವಲ್ಲ, ಇನ್ನೇನು ಕಳ್ತನವಾ? ಕೂತ್ಕಳಿ."

ಎದುರು ಕೂತ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಎಷ್ಟು ತಿಂಗಳು ಕೂಸಿಗೆ?" ಎಂದು ಕೇಳಿದಳು.

"ನಾಕು ವರ್ಸ."

"ನಾಕು ವರ್ಷಕ್ಕೆ ಇಷ್ಟೇನಾ?"

"ಕಾಮಾಲೆ ಕಣಕ್ಕ, ಇಳ್ದೋಗೈತೆ."

ಅಷ್ಟರಲ್ಲಿ ಸೀರೆಯ ಅಂಚಿನಿಂದ ಬಾಲ ಹೊರಗೆ ಬಂತು. ಆ ಹೆಂಗಸು ಎದ್ದು ಆಚೆಯ ಬೆಂಚಿಗೆ ಹೋದಳು. ಒಂದು ಸ್ಟೇಷನ್ನು ದಾಟಿದ ಮೇಲೆ ಅಲ್ಲಿಂದಲೇ ಕತ್ತು ಚಾಚಿ, "ನೀರು ಕುಡೀತಾ?" ಎಂದು ಕೇಳಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಹೊರಗೆ ನೋಡುತ್ತಿದ್ದೆ. ಶಿಫ್ಟುವಿನ ಉಸಿರನ್ನು ಮಾತ್ರ ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಡಾಕ್ಟರ ಮುಂದೆ ಆರೇಳು ಎತ್ತುಗಳು ಕಾದಿದ್ದವು. ನಮ್ಮ ಸರದಿ ಬಂದಾಗ ಅವರು ಹೊಟ್ಟೆ ಒತ್ತಿ ನೋಡಿದರು. ಶಿಫ್ಟು ಕುಂಯ್‌ಗುಟ್ಟಿತು. ಯಕೃತ್ತು ಊದಿದೆ, ಇಲಿ ಮುಟ್ಟಿದ ನೀರಿನಿಂದ ಬಂದಿರಬಹುದು, ಔಷಧವೆಂದು ಹೇಳುವಂಥದ್ದೇನಿಲ್ಲ ಎಂದರು. "ಗ್ಲೂಕೋಸ್ ನೀರು, ತೆಳ್ಳನೆಯ ಗಂಜಿ. ಎಣ್ಣೆ, ತುಪ್ಪ, ಮಾಂಸ, ಮೀನು ಮುಟ್ಟಿಸಲೇಬೇಡಿ. ಯಕೃತ್ತಿಗೆ ವಿಶ್ರಾಂತಿ ಸಿಕ್ಕರೆ ಬದುಕಬಹುದು. ಸಂಕಟ ನೋಡಲಾಗುವುದಿಲ್ಲ ಎಂದಾದರೆ ಕರೆದುಕೊಂಡು ಬನ್ನಿ, ಒಂದು ಸೂಜಿಯಲ್ಲಿ ಮುಗಿಯುತ್ತದೆ." ಕೊನೆಯ ಮಾತನ್ನು ಅವರು ಮೃದುವಾಗಿಯೇ ಹೇಳಿದರು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ಆಯಮ್ಮ ಹೊಂಗೆಮರದ ಕೆಳಗೆ ಕಾದಿದ್ದರು. ಎಣ್ಣೆ, ಮೀನು ಬಿಡಬೇಕಂತೆ ಎಂದು ಡಾಕ್ಟರ ಮಾತಿನ ಮೊದಲ ಭಾಗವನ್ನಷ್ಟೆ ಚುಟುಕಾಗಿ ಹೇಳಿದೆ.

"ಪತ್ಯ ಅನ್ನಿ."

"ಹೌದು, ಪಥ್ಯ" ಎಂದೆ. ಇಷ್ಟು ಬೇಗ ಅರ್ಥ ಮಾಡಿಕೊಂಡರಲ್ಲ ಎಂದು ನನಗೆ ಸಮಾಧಾನವಾಯಿತು.

ಆ ಭಾನುವಾರ ಆಕೆ ತವರಿನ ಕಡೆ ಹೋಗಿ ಬಂದರು. ಅಲ್ಲಿ ಕಾಮಾಲೆಗೆ ಸೊಪ್ಪಿನ ಔಷಧ ಕೊಡುವ ಮುದುಕರೊಬ್ಬರಿದ್ದರಂತೆ. ಬೆಳಿಗ್ಗೆ ಯಾರೊಂದಿಗೂ ಮಾತಾಡುವ ಮೊದಲು ಕಿತ್ತು ಅರೆದು ಕೊಡುವ ಔಷಧ. ಮುತ್ತುಗದ ಎಲೆಯಲ್ಲಿ ಕಟ್ಟಿದ ಮೂರು ಹಸಿರು ಉಂಡೆ ತಂದಿದ್ದರು. ಕಾಲೇಜಿನಲ್ಲಿ ಎರಡು ವರ್ಷ ಸಸ್ಯಶಾಸ್ತ್ರ ಓದಿದ ನಾನು ವಾಸನೆಯಿಂದಲೇ ಗುರುತಿಸಿ ಹೆಸರು ಹೇಳಲು ಬಾಯಿ ತೆರೆದೆ.

"ಅನ್ಬೇಡಿ! ಎಸ್ರು ಅಂದ್ರೆ ಸತ್ವ ಓಗ್ತದೆ."

ಬಾಯಿ ಮುಚ್ಚಿದೆ. ಮಜ್ಜಿಗೆಯಲ್ಲಿ ಕದಡಿ ಕುಡಿಸಿದೆವು. ಕೇಡೇನೂ ಆಗದೆಂದು ನನಗೆ ಗೊತ್ತಿತ್ತು.

"ಇನ್ನೊಂದೈತೆ ಟೀಚರಮ್ಮ. ಆಲು ಕುಡಿಯೋ ಕೂಸಿಗೆ ಕಾಮಾಲೆ ಬಂದ್ರೆ ತಾಯಿ ಪತ್ಯ ಇರ್ತಾಳಲ್ಲ, ಇದೂ ಅಂಗೇ ಅಂತೆ. ಬಾಯಿಲ್ದ ಜೀವ. ಅದು ಯಾರ ಕೈಲಿ ತಿಂತದೋ ಆ ಕೈಯೋರು ಉಪ್ಪು, ಎಣ್ಣೆ, ಉಳಿ, ಕಾರ ಬುಡ್ಬೇಕಂತೆ."

"ಅದು ತಿನ್ನುವುದು ನನ್ನ ಕೈಯಲ್ಲಿ."

ಆಕೆ ನಕ್ಕರು. "ನಿಮ್ ಕೈಯೊಂದೇನಾ? ಅದಿನೆಂಟು ಮನೆ ಐತೆ. ನಂದೂ ಐತೆ."

ಸೋಮವಾರದಿಂದ ಹುಡುಗಿಯರನ್ನು ಕರೆಯುವ ಬಾಗಿಲುಗಳಲ್ಲೇ ಆಕೆ ಇದನ್ನೂ ಸಾರಿಕೊಂಡು ಬಂದರು. ಒಬ್ಬ ಗಣಿಯಾಳು ರೇಗಿದನಂತೆ: "ನಾಯಿಗೆ ಕಾಮಾಲೆ ಬಂದ್ರೆ ನಾನ್ಯಾಕೆ ಸಪ್ಪೆ ಸಾರು ಕುಡೀಬೇಕು? ಕೆಳಗೆ ಆ ಸೆಕೇಲಿ ಉಪ್ಪಿಲ್ದೆ ಕೆಲ್ಸ ಮಾಡಿದ್ರೆ ಕಾಲು ಗಂಟು ಇಡೀತದೆ, ಗೊತ್ತಾ?" ಆಯಮ್ಮ ಯೋಚಿಸಿ, ಗಣಿಗೆ ಇಳಿಯುವ ಗಂಡಸರನ್ನು ಪಥ್ಯದಿಂದ ಬಿಟ್ಟರು. "ನೀನು ತಿನ್ನು. ನೀನೇನು ಅದಕ್ಕೆ ಆಕಿದ್ದೀಯಾ, ಜಿಪುಣ? ಆಕ್ದೋಳು ನಿನ್ ಎಂಡ್ತಿ." ಮಿಕ್ಕವರು ಒಪ್ಪಿದರು. ಹುಡುಗಿಯರು ಯಾರ ಮನೆಯ ಅಡಿಗೆ ಹೆಚ್ಚು ಸಪ್ಪೆ ಎಂದು ಪಂದ್ಯ ಕಟ್ಟತೊಡಗಿದರು.

ನನಗೂ ಹೇಳಿದರು. "ನೀವೂ ಇರ್ಬೇಕು ಟೀಚರಮ್ಮ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮಧ್ಯಾಹ್ನ ಉಪ್ಪಿನಕಾಯಿ ಹಾಕಿಕೊಂಡೇ ಊಟ ಮಾಡಿದೆ. ಅವರ ನಂಬಿಕೆ ಅವರಿಗೆ, ಯಾರಿಗೂ ತೊಂದರೆ ಇಲ್ಲವಲ್ಲ ಎಂದುಕೊಂಡೆ. ಇಷ್ಟು ಜನ ಒಂದು ನಾಯಿಗಾಗಿ ನಾಲಿಗೆ ಕಟ್ಟಿಕೊಂಡರು ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು.

ನಾಲ್ಕನೆಯ ದಿನ ಶಿಫ್ಟು ಗಂಜಿ ನೆಕ್ಕಿತು. ಆರನೆಯ ದಿನ ಜಗುಲಿಯಿಂದ ಇಳಿದು ತುಳಸಿಕಟ್ಟೆಯವರೆಗೆ ಹೋಗಿ ಬಂತು. ನಾನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಗಂಟೆಗೆ ಓಡಿ ಬಂದು ಒಮ್ಮೆ, ಸಂಜೆ ಒಮ್ಮೆ ರೆಪ್ಪೆ ಎಳೆದು ನೋಡಿ, ಹಳದಿ ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಗುರುತು ಮಾಡುತ್ತಿದ್ದೆ. ಪಾಠದ ನಡುವೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಉಕ್ತಲೇಖನದಲ್ಲಿ ಒಂದೇ ವಾಕ್ಯವನ್ನು ಮೂರು ಸಲ ಹೇಳಿದ್ದೇನೆಂದು ಹುಡುಗಿಯರು ಎಚ್ಚರಿಸಬೇಕಾಯಿತು. ನಾನು ತರಗತಿಯಲ್ಲಿರುವಾಗ ಆಯಮ್ಮ ಎರಡು ಮೂರು ಸಲ ನಮ್ಮ ಹಿತ್ತಲಿಗೆ ಹೋಗಿ ನೋಡಿಕೊಳ್ಳುತ್ತಿದ್ದರು. ಅದೊಂದೇ ನನಗೆ ನೆಮ್ಮದಿ.

ಒಂಬತ್ತನೆಯ ದಿನ ಅದು ಮತ್ತೆ ಬಿತ್ತು. ಈ ಸಲ ಕಕ್ಕಿದ್ದು ಹಳದಿಯಲ್ಲ, ಕಪ್ಪಗೆ ಇತ್ತು. ಕಿವಿಯ ಒಳಮೈ ಕೂಡ ಅರಿಸಿನ. ಉಸಿರಾಡುವಾಗ ಪಕ್ಕೆಲುಬುಗಳ ನಡುವೆ ಹಳ್ಳ ಬೀಳುತ್ತಿತ್ತು. ಮೈ ಒರೆಸಲೆಂದು ಅದರ ಗೋಣಿತಾಟು ಎತ್ತಿದೆ. ಕೆಳಗೆ ಎಣ್ಣೆ ಹತ್ತಿದ ಬಾಳೆ ಎಲೆಯ ತುಂಡುಗಳು, ಮೀನಿನ ಮುಳ್ಳು, ಅರ್ಧ ವಡೆ.

ಅಲ್ಲಿಯೇ ಹಿತ್ತಲ ಬಾಗಿಲಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬುತ್ತಿಯ ಡಬ್ಬಿ ಹಿಡಿದು ನಿಂತಿದ್ದಳು. ಮೊನ್ನೆ ಸುದ್ದಿ ತಂದವಳು ಅವಳೇ. ಡಬ್ಬಿ ತೆರೆಸಿದೆ. ಹುರಿದ ಕರುವಾಡು.

"ಇದು ಯಾರಿಗೆ?"

"ಶಿಫ್ಟುಗೆ, ಟೀಚರ್" ಎಂದಳು, ಒಂದಿಷ್ಟೂ ಅಂಜದೆ. "ನಾವು ಮನೇಲೆಲ್ಲ ಸಪ್ಪೆ ತಿಂತಿದ್ದೀವಿ ಟೀಚರ್. ಅಮ್ಮ ಒಂದು ಹರಳು ಉಪ್ಪೂ ಹಾಕಿಲ್ಲ. ನಮ್ಮ ಪಾಲು ಇವನಿಗೆ. ಎಲ್ಲಾರ ಮನೆಯಿಂದಾನೂ ಬರುತ್ತೆ."

ನನಗೆ ಆಗ ಅರ್ಥವಾಯಿತು. ತಾಯಿ ಪಥ್ಯ ಇದ್ದರೆ ಕೂಸು ಎಂದಿನಂತೆ ಹಾಲು ಕುಡಿಯುತ್ತದೆ. ಕೂಸನ್ನು ಯಾರೂ ಉಪವಾಸ ಕೆಡವುವುದಿಲ್ಲ. ಹದಿನೆಂಟು ಮನೆಯವರು ಅದನ್ನೇ ಮಾಡಿದ್ದರು. ತಾವು ಬಿಟ್ಟ ಎಣ್ಣೆ, ಮೀನು, ವಡೆಯನ್ನೆಲ್ಲ, ಮೊದಲಿಗಿಂತ ಹೆಚ್ಚಾಗಿ, ಅದರ ಬಾಯಿಗೆ ಹಾಕಿದ್ದರು.

ಆಯಮ್ಮ ಶಾಲೆಯ ಬಾವಿಯ ಹತ್ತಿರ ಒಂದು ಕೂಸಿನ ಮುಖ ತೊಳೆಯುತ್ತಿದ್ದರು. ಬಾಳೆ ಎಲೆಯ ತುಂಡನ್ನು ಆಕೆಯ ಮುಂದೆ ಹಿಡಿದೆ.

"ಇದು ನಿಮಗೆ ಗೊತ್ತಿತ್ತೆ?"

"ನಾನೂ ಆಕಿದ್ದೀನಿ. ನಾವೆಲ್ಲ ಪತ್ಯ ಇದ್ದೀವಲ್ಲ ಟೀಚರಮ್ಮ. ಅದಾದ್ರೂ ತಿಂದು ಚೇತರಿಸ್ಕಳ್ಲಿ ಅಂತ."

ನಾನು ದನಿ ಎತ್ತುವವಳಲ್ಲ. ಆಗಲೂ ಎತ್ತಲಿಲ್ಲ. ಸ್ಪಷ್ಟವಾಗಿ, ಒಂದೊಂದೇ ವಾಕ್ಯವಾಗಿ ಹೇಳಿದೆ: "ಅದು ನಾಯಿ. ನಿಮ್ಮ ಹಾಲು ಕುಡಿಯುವುದಿಲ್ಲ. ನೀವು ಸಪ್ಪೆ ತಿಂದರೆ ಅದಕ್ಕೆ ಏನೂ ಆಗುವುದಿಲ್ಲ. ಅದು ಸಾಯುತ್ತಿದೆ. ನೀವೇ ಕೊಲ್ಲುತ್ತಿದ್ದೀರಿ."

ಆಕೆಯ ಕೈ ಸದಾ ಏನನ್ನಾದರೂ ಮಾಡುತ್ತಿತ್ತು. ಹೆಣೆಯುತ್ತಿತ್ತು, ಒರೆಸುತ್ತಿತ್ತು, ತಟ್ಟುತ್ತಿತ್ತು. ಅದು ನಿಂತದ್ದನ್ನು ನಾನು ಆಗ ನೋಡಿದೆ. ಕೂಸಿನ ಗಲ್ಲದ ಮೇಲೆ ಕೈ ಹಾಗೆಯೇ ಇತ್ತು. ನೀರು ತೊಟ್ಟಿಕ್ಕುತ್ತಿತ್ತು.

"ಅಂಗಾದ್ರೆ," ಎಂದರು, "ನಾವು ಇಷ್ಟು ದಿನ ತಿಂದ ಸಪ್ಪೆ ಎಲ್ಗೋಯ್ತು ಟೀಚರಮ್ಮ?"

ಎಲೆಯ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ತರಗತಿಗೆ ಹೋದೆ.

ಮರುದಿನ ಬೆಳಿಗ್ಗೆ ನಾನೂ ಲೈನ್ ಮನೆಗಳ ಕಡೆ ಹೊರಟೆ. ಒಂದೊಂದು ಮನೆಗೂ ನಾನೇ ತಿಳಿಸಿ ಹೇಳಬೇಕು, ಇನ್ನು ಆಕೆಯನ್ನು ನಂಬುವುದು ಬೇಡ ಎಂದುಕೊಂಡಿದ್ದೆ. ಆಯಮ್ಮ ನನಗಿಂತ ಮುಂಚೆಯೇ ಹೊರಟಿದ್ದರು. ನಾಲ್ಕನೆಯ ಬಾಗಿಲಲ್ಲಿ ಅವರನ್ನು ಕಂಡು ಹಿಂದೆಯೇ ನಿಂತೆ.

"ನಾದೇ ತಪ್ಪು" ಎನ್ನುತ್ತಿದ್ದರು ತೆಲುಗಿನಲ್ಲಿ. ನಾನು ತಪ್ಪು ಹೇಳಿದೆ, ನಾಯಿಗೆ ಏನೂ ಹಾಕಬೇಡ, ನೀನು ಉಪ್ಪು ತಿನ್ನು. ಮುಂದಿನ ಬಾಗಿಲಲ್ಲಿ ಅದೇ ಮಾತು ತಮಿಳಿನಲ್ಲಿ, "ಎನ್ ತಪ್ಪು ದಾನ್." ಅದರ ಮುಂದಿನದರಲ್ಲಿ ಕನ್ನಡದಲ್ಲಿ. ರೇಗಿದ್ದ ಗಣಿಯಾಳು ಪಾಳಿ ಮುಗಿಸಿ ಬಂದು ಮುಖ ತೊಳೆಯುತ್ತಿದ್ದ. "ಏನು ಆಯಮ್ಮ, ನಿನ್ ವೈದ್ಯ ಕೈ ಕೊಡ್ತಾ?" ಎಂದು ನಕ್ಕ. ಬೇರೆ ದಿನವಾಗಿದ್ದರೆ ಆಕೆ ಅವನ ಏಳು ತಲೆಮಾರು ಎಣಿಸುತ್ತಿದ್ದರು. "ಔದಪ್ಪ, ಕೊಡ್ತು. ನಿನ್ ಮಗ್ಳು ಡಬ್ಬೀಲಿ ಮೀನು ತರ್ದಂಗೆ ನೋಡ್ಕೊ" ಎಂದರು. ಅವನು ನಗು ನಿಲ್ಲಿಸಿದ.

ಹದಿನೆಂಟು ಬಾಗಿಲಲ್ಲೂ ಹೇಳಿದರು. ನಾನು ಹೇಳಬೇಕಾದ್ದೇನೂ ಉಳಿಯಲಿಲ್ಲ. ಅಂದು ಯಾರ ಜಡೆಯನ್ನೂ ಹೆಣೆಯಲಿಲ್ಲ. ಹುಡುಗಿಯರು ಕೆದರಿದ ತಲೆಯಲ್ಲೇ ಶಾಲೆಗೆ ಬಂದರು.

ಆಮೇಲಿನ ಎರಡು ವಾರ ನಾನು ಗಂಜಿ, ಗ್ಲೂಕೋಸ್ ನೀರು, ಚಮಚ, ಹಾಳೆ ಇಷ್ಟರಲ್ಲಿಯೇ ಬದುಕಿದೆ. ಎರಡು ಸಲ ಬಂಗಾರಪೇಟೆಗೆ ಹೋಗುವ ರೈಲಿನ ಹೊತ್ತು ವಿಚಾರಿಸಿದೆ, ಡಾಕ್ಟರ ಕೊನೆಯ ಮಾತನ್ನು ನೆನೆದು. ಎರಡು ಸಲವೂ ಹೋಗಲಿಲ್ಲ. ಕಣ್ಣಿನ ಹಳದಿ ನಿಧಾನವಾಗಿ, ಸುಣ್ಣದ ಗೋಡೆ ಒಣಗುವ ಹಾಗೆ, ಅಂಚಿನಿಂದ ಬಿಳಿಚಿತು. ಆಯಮ್ಮ ಮೊದಲಿನಂತೆ ಹಿತ್ತಲಿಗೆ ಬರುತ್ತಿರಲಿಲ್ಲ. ಗೇಟಿನ ಹೊರಗೆ ನಿಂತು ನೋಡಿ ಹೋಗುತ್ತಿದ್ದರು. ಒಂದು ದಿನ ಅಲ್ಲಿಂದಲೇ ಕೇಳಿದರು:

"ಎಂಗೈತೆ ಟೀಚರಮ್ಮ, ಕಣ್ಣು?"

"ಅಂಚಿನಲ್ಲಿ ಇನ್ನೂ ಸ್ವಲ್ಪ ಹಳದಿ ಇದೆ" ಎಂದೆ. ಅದು ನಿಜವಾಗಿತ್ತು. ಆಕೆ ತಲೆಯಾಡಿಸಿ ಹೋದರು. ಮತ್ತೆ ಕೇಳಲಿಲ್ಲ. ನಾನೂ ಮತ್ತೆ ಹೇಳಲಿಲ್ಲ.

ಶಿಫ್ಟು ಓಡಾಡತೊಡಗಿತು. ಸೈರನ್ನಿಗೆ ಎದ್ದು ನಿಂತು ಕೂಗತೊಡಗಿತು. ಬೆಳಿಗ್ಗೆ ಮಾತ್ರ ಅದನ್ನು ಕಟ್ಟಿಹಾಕುತ್ತಿದ್ದೆ. ಆಯಮ್ಮ ಆ ದಿನಗಳಲ್ಲಿ ಸೊರಗಿದ್ದನ್ನು ನಾನು ಗಮನಿಸಿದ್ದೆ. ಹುಡುಗಿಯರ ಹಿಂದೆ ಬೀಳುತ್ತಿದ್ದರು. ದಾರಿಯಲ್ಲಿ ನಿಂತು ಬಗ್ಗಿ ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆ. ಗಮನಿಸುವುದು ಬೇರೆ, ಕೇಳುವುದು ಬೇರೆ. ನಾನು ಮೊದಲನೆಯದನ್ನೇ ಮಾಡಿದೆ.

ಯುಗಾದಿಯ ಮರುದಿನ ಅದೇ ಎಂಟನೆಯ ತರಗತಿಯ ಹುಡುಗಿ ನೋಟ್‌ಬುಕ್ ತೋರಿಸಲು ಬಂದು, "ಟೀಚರ್, ಶಿಫ್ಟುಗೆ ಇನ್ನೂ ವಾಸಿ ಆಗಿಲ್ವಾ?" ಎಂದು ಕೇಳಿದಳು.

"ಆಗಿ ತಿಂಗಳಾಯಿತಲ್ಲ."

"ಮತ್ತೆ ಆಯಮ್ಮ ನಿನ್ನೆನೂ ಒಬ್ಬಟ್ಟು ಮುಟ್ಟಲಿಲ್ಲ. ಬೇವುಬೆಲ್ಲ ಅಷ್ಟೆ. ಇನ್ನೂ ಸಪ್ಪೇನೇ ತಿಂತಾರೆ. ಯಾಕೆ ಅಂದ್ರೆ, ಟೀಚರಮ್ಮ ಇನ್ನೂ ಹಳದಿ ಐತೆ ಅಂದವ್ರೆ ಅಂತಾರೆ."

ಎರಡು ತಿಂಗಳು. ಆ ಬಿಸಿಲಿನಲ್ಲಿ, ದಿನಕ್ಕೆರಡು ಸಲ ಹದಿನೆಂಟು ಮನೆ. ಉಪ್ಪಿಲ್ಲದೆ ಕೆಲಸ ಮಾಡಿದರೆ ಕಾಲು ಗಂಟು ಹಿಡಿಯುತ್ತದೆ ಎಂದು ಆ ಗಣಿಯಾಳು ಹೇಳಿದ್ದ. ಅದು ನನಗೂ ಗೊತ್ತಿದ್ದ ಸಂಗತಿಯೇ.

ಆ ಸಂಜೆ ಅನ್ನ ಮಾಡಿ, ಸಾರು ಕಾಯಿಸಿ, ಟಿಫಿನ್ ಕ್ಯಾರಿಯರ್‌ನಲ್ಲಿ ತುಂಬಿಕೊಂಡು ಲೈನ್ ಮನೆಗಳ ಕಡೆ ನಡೆದೆ. ಶಿಫ್ಟು ಜೊತೆಗೆ ಬಂತು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಸಿದ್ಧ ಮಾಡುತ್ತಿದ್ದೆ. ಅದು ಅಂದು ನಾನು ಬಾವಿಯ ಹತ್ತಿರ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ವಾಕ್ಯ.

ಆಯಮ್ಮ ಬಿದಿರುತಟ್ಟಿಯ ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಹೊಸ್ತಿಲ ಹೊರಗೆ ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು.

"ಏಳಬೇಡಿ. ನಾನು ಅಂದು—"

"ಮೊದ್ಲು ಕಣ್ಣು ತೋರ್ಸಿ ಅದ್ರದ್ದು."

ಶಿಫ್ಟುವಿನ ತಲೆಯನ್ನು ಎಳೆದುಕೊಂಡು, ಇಳಿಬಿಸಿಲಿಗೆ ತಿರುಗಿಸಿ, ರೆಪ್ಪೆ ಎಳೆದು ನೋಡಿದರು. ಇನ್ನೊಂದು ಕಣ್ಣನ್ನೂ ನೋಡಿದರು. ತುಟಿ ಎತ್ತಿ ಒಸಡು ನೋಡಿದರು.

"ಬೆಳ್ಳಗೈತೆ" ಎಂದರು. ಒಳಗಿನಿಂದ ತಟ್ಟೆ ತಂದು ನನ್ನ ಮುಂದೆ ಹಿಡಿದರು. "ಆಕಿ."

"ಇದರಿಂದ ಅದಕ್ಕೆ ಏನೂ ಆಗುತ್ತಿರಲಿಲ್ಲ ಎಂದು ನಾನು ಹೇಳಿದ್ದೆನಲ್ಲ. ಮತ್ತೇಕೆ ಇಷ್ಟು ದಿನ?"

"ಇಡಿದ ಪತ್ಯಾನ ನಾನೇ ಬುಡೋಕಾಯ್ತದಾ? ಯಾರ ಕೂಸಿಗೆ ಇಡಿದ್ದೋ ಆ ಮನೆಯೋರು ಉಪ್ಪು ಇಕ್ಬೇಕು. ನೀವು ಬರ್ಲಿಲ್ಲ. ನಾನು ತಿನ್ನಲಿಲ್ಲ." ದೂರು ಹೇಳುವ ದನಿಯಾಗಿರಲಿಲ್ಲ, ಯಾರ ಮನೆ ಯಾವ ಸಾಲಿನಲ್ಲಿದೆ ಎಂದು ಹೇಳುವ ದನಿ. "ಆಕಿ, ಆರೋಗ್ತದೆ."

ಅನ್ನ ಹಾಕಿ ಸಾರು ಬಿಟ್ಟೆ. ಆಕೆ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಕಣ್ಣಿನ ಮೂಲೆಯಲ್ಲಿ ನೀರು ಬಂತು.

"ಉಪ್ಪು ಜಾಸ್ತಿ ಆಗೈತೆ. ಯಾರು ಮಾಡಿದ್ದು?"

"ನಾನೇ."

"ಕಾಲೇಜ್ನಾಗೆ ಸಾರು ಏಳ್ಕೊಡಲ್ಲ ಅನ್ಸುತ್ತೆ ಬುಡಿ."

ಎರಡನೆಯ ತುತ್ತಿಗೆ ಶಿಫ್ಟು ಎದ್ದು ಬಂದು ಆಕೆಯ ಮೊಣಕಾಲಿನ ಮೇಲೆ ಮುಂಗಾಲಿಟ್ಟು ತಟ್ಟೆಗೆ ಮೂತಿ ಚಾಚಿತು. ಆಕೆ ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿದರು.

"ತೆಗಿಲಾ ಮೂತಿ! ಓಗ್ಲಾ ಆ ಕಡೆ. ನಿನ್ ಪಾಲ್ದೂ ನಾನೇ ತಿಂತೀನಿ."

ಆಕೆ ತಟ್ಟೆ ಬರಿದು ಮಾಡಿದ ಮೇಲೆ ನಾನು ಸಿದ್ಧ ಮಾಡಿಕೊಂಡು ಬಂದಿದ್ದ ವಾಕ್ಯಕ್ಕೆ ಬಾಯಿ ತೆರೆದೆ. ಆಕೆ ಖಾಲಿ ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು. ನಾನು ಬಡಿಸಿದೆ.